ಇಡುವಾಗಲೂ ಎಚ್ಚರ

ಜೈನ ಮುನಿಗಳು ಪಾಲಿಸುವ ಐದು ಸಮಿತಿಗಳಲ್ಲಿ ಆದಾನ-ನಿಕ್ಷೇಪಣ ಸಮಿತಿಯೂ ಒಂದು. ಕಮಂಡಲುವನ್ನಾಗಲಿ ಶಾಸ್ತ್ರವನ್ನಾಗಲಿ ಎತ್ತುವಾಗಲೂ ಇಡುವಾಗಲೂ ಪಿಂಛಿಯಿಂದ ಮೆಲ್ಲನೆ ಸವರಿ, ಸೂಕ್ಷ್ಮಜೀವಿಗೂ ನೋವಾಗದಂತೆ ನಡೆಯುವುದು ಅದರ ವಿಧಿ. ಶ್ರಾವಕರ ಮನೆಯ ಹಳೆಯ ಕಂಪ್ಯೂಟರಿಗೂ ಈ ಪಾಠ ಸಲ್ಲುತ್ತದೆ.

ವಿಂಡೋಸ್ 10ಕ್ಕೆ ಇದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವನ್ನು ಬೇಡುತ್ತದೆ. ಅದಿಲ್ಲದ ಯಂತ್ರ ಸುಸ್ಥಿತಿಯಲ್ಲಿದ್ದರೂ ಅನರ್ಹ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಗೃಹಸ್ಥರಿಗೂ ಇರುವ ಪ್ರಶ್ನೆ ಒಂದೇ: ಎಸೆದು ಹೊಸದನ್ನು ಕೊಳ್ಳಬೇಕೇ?

ಎಸೆದ ಯಂತ್ರದ ಸೀಸ ಮಣ್ಣು-ನೀರನ್ನು ಸೇರಿದರೆ ಕಣ್ಣಿಗೆ ಕಾಣದ ಜೀವಿಗಳಿಗೆ ಹಿಂಸೆ. ಹಾಗೆಂದು ರಕ್ಷಣೆಯಿಲ್ಲದ ವ್ಯವಸ್ಥೆಯಲ್ಲೇ ಬ್ಯಾಂಕ್ ವ್ಯವಹಾರ ನಡೆಸುವುದು ಪ್ರಮಾದ. ಕಡತಗಳನ್ನು ಬೇರೆಡೆ ಉಳಿಸಿಕೊಂಡು, ಹಗುರವಾದ ಉಚಿತ ಲಿನಕ್ಸ್ ವ್ಯವಸ್ಥೆಯನ್ನು ಅಳವಡಿಸಿದರೆ ಅದೇ ಯಂತ್ರ ಮಕ್ಕಳ ಓದಿಗೆ ಇನ್ನಷ್ಟು ಕಾಲ ಒದಗೀತು. ಬಯಕೆಗೆ ಗಡಿ ಹಾಕಿಕೊಳ್ಳುವ ಪರಿಗ್ರಹ ಪರಿಮಾಣ ವ್ರತದ ಆಶಯವೂ ಇದೇ. ಯಂತ್ರ ಪೂರ್ಣ ಸವೆದ ಮೇಲೆ ಅದನ್ನು ಗುಜರಿಯ ರಾಶಿಗೆ ಎಸೆಯದೆ, ಇ-ತ್ಯಾಜ್ಯ ಸಂಗ್ರಹಿಸುವ ಅಧಿಕೃತರಿಗೆ ಒಪ್ಪಿಸುವುದು ಉಚಿತ.

ತರುವಾಗ ಮಿತಿ, ಬಿಡುವಾಗ ಕರುಣೆ: ಗೃಹಸ್ಥನ ಅಹಿಂಸೆ ಇವೆರಡರ ನಡುವೆ ನೆಲೆಸಿದೆ.