ತೊಟ್ಟಿಲ ಕೂಸಿನ ತೂಕ ನಮ್ಮೆಲ್ಲರ ಹೊಣೆ

ಶಲವಡಿಯ ಎರೆಹೊಲದಲ್ಲಿ ಬೆಳೆದ ಹೆಸರು, ಕಡಲೆಯನ್ನು ಪೇಟೆಗೆ ಒಯ್ದಾಗ ತೂಕದಲ್ಲಿ ಒಂದು ಕಿಲೋ ಹೆಚ್ಚುಕಡಿಮೆಯಾದರೂ ನಾವು ಸುಮ್ಮನಿರುವುದಿಲ್ಲ. ಆದರೆ ಮನೆಯ ತೊಟ್ಟಿಲಲ್ಲಿರುವ ಕೂಸು ಕಳೆದ ತಿಂಗಳಿಗಿಂತ ಎಷ್ಟು ತೂಕ ಏರಿದೆ ಎಂದು ಕೇಳಿದರೆ ಉತ್ತರಿಸುವವರು ವಿರಳ. ಬದಲಾಗಿ, ಕೂಸನ್ನು ತೂಗಿದರೆ ದೃಷ್ಟಿ ತಾಗುತ್ತದೆಂಬ ಅಂಜಿಕೆಯ ಮಾತು ಕೇಳಿಬರುತ್ತದೆ. ಈ ಅಂಜಿಕೆಯನ್ನು ನಾವು ಬಿಡಲೇಬೇಕು.

ಮಾತು ಬಾರದ ಶಿಶುವಿನ ಆರೋಗ್ಯವನ್ನು ಅರಿಯಲು ತೂಕಕ್ಕಿಂತ ಸುಲಭವಾದ ಸಾಧನವಿಲ್ಲ. ಹುಟ್ಟುವಾಗ ಎರಡೂವರೆ ಕಿಲೋಗಿಂತ ಕಡಿಮೆ ತೂಗುವ ಶಿಶುವಿಗೆ ಮೈ ತಣ್ಣಗಾಗುವ, ಸೋಂಕು ತಗಲುವ ಅಪಾಯ ಹೆಚ್ಚು. ಮೊದಲ ಕೆಲವು ದಿನ ತೂಕ ತುಸು ಇಳಿಯುವುದು ಸಹಜ. ಎರಡು ವಾರದೊಳಗೆ ಅದು ಮರಳಿ ಬರಬೇಕು. ಐದಾರು ತಿಂಗಳಿಗೆ ಹುಟ್ಟಿದಾಗಿನ ತೂಕ ಇಮ್ಮಡಿಯಾಗುತ್ತದೆ. ವರ್ಷ ತುಂಬುವ ಹೊತ್ತಿಗೆ ಸುಮಾರು ಮುಮ್ಮಡಿಯಾಗುತ್ತದೆ.

ಆದರೆ ಒಂದು ದಿನದ ತೂಕವನ್ನಷ್ಟೇ ನೋಡಿ ಹಿಗ್ಗುವುದೂ ಕುಗ್ಗುವುದೂ ಸಲ್ಲದು. ತಿಂಗಳಿಂದ ತಿಂಗಳಿಗೆ ತೂಕ ಏರುತ್ತಿದೆಯೇ ಎಂಬುದು ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಮಾನದಂಡದಂತೆ ಅಂಗನವಾಡಿಗಳಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಬೇರೆಬೇರೆ ಬೆಳವಣಿಗೆಯ ನಕ್ಷೆಗಳಿವೆ. ಸಣ್ಣದಾಗಿ ಹುಟ್ಟಿದ ಕೂಸಿನ ಗೆರೆ ಆ ನಕ್ಷೆಯಲ್ಲಿ ಸತತವಾಗಿ ಏರುತ್ತಿದ್ದರೆ ಅದು ಸಮಾಧಾನದ ಸಂಗತಿ. ದಷ್ಟಪುಷ್ಟವಾಗಿ ಹುಟ್ಟಿದ ಕೂಸಿನ ಗೆರೆ ಎರಡು ತಿಂಗಳು ಅಲ್ಲಿಯೇ ನಿಂತರೆ, ಕೂಸು ನಗುತ್ತಿದ್ದರೂ ವೈದ್ಯರಿಗೆ ತೋರಿಸಬೇಕು. ತೂಕ ಕುಂದಿದ ಮಗುವಿಗೆ ಭೇದಿ, ಕೆಮ್ಮು ಬೇಗ ಅಂಟುತ್ತವೆ. ಅವುಗಳಿಂದ ತೂಕ ಮತ್ತಷ್ಟು ಇಳಿಯುತ್ತದೆ. ಮೊದಲ ಎರಡು ವರ್ಷಗಳಲ್ಲಿ ಕುಂಠಿತವಾದ ಬೆಳವಣಿಗೆಯನ್ನು ಮುಂದೆ ತುಂಬಿಕೊಡುವುದು ಬಲು ಕಷ್ಟ.

ಇದು ಬೇರೆಯವರ ಮನೆಯ ಮಾತಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಸುಮಾರು 33 ಮಕ್ಕಳು ವಯಸ್ಸಿಗೆ ತಕ್ಕ ತೂಕವಿಲ್ಲದವರು. ಕಾಳುಕಡಿ ಬೆಳೆಯುವ ನಾಡಿಗೆ ಇದು ಶೋಭೆಯಲ್ಲ.

ಇದಕ್ಕೆ ಬಡತನವೊಂದೇ ಕಾರಣವಲ್ಲ. ನಮ್ಮ ಕೆಲವು ರೂಢಿಗಳೂ ಕಾರಣ. ಹುಟ್ಟಿದ ಕೂಸಿಗೆ ಜೇನು, ಸಕ್ಕರೆ ನೀರು ನೆಕ್ಕಿಸಿ, ತಾಯಿಯ ಮೊದಲ ಹಳದಿ ಹಾಲನ್ನು ಚೆಲ್ಲುವುದು ತಪ್ಪು. ಪಥ್ಯದ ಹೆಸರಿನಲ್ಲಿ ಬಾಣಂತಿಗೆ ಕಾಯಿಪಲ್ಲೆ, ಬೇಳೆಗಳನ್ನು ತಪ್ಪಿಸುವುದೂ ತಪ್ಪು. ಆರು ತಿಂಗಳವರೆಗೆ ತಾಯಿಯ ಹಾಲೊಂದೇ ಸಾಕು. ಆ ಬಳಿಕ ಹಾಲಿನೊಂದಿಗೆ ಹೆಸರುಬೇಳೆ, ಅನ್ನ, ನುಣ್ಣಗೆ ಬೇಯಿಸಿದ ಸೊಪ್ಪು, ತುಸು ತುಪ್ಪ ಕಲಸಿ ಮೆತ್ತಗೆ ಮಾಡಿ ಉಣಿಸಬೇಕು. ನೀರಾದ ಗಂಜಿ ಹೊಟ್ಟೆ ತುಂಬಿಸುತ್ತದೆಯೇ ಹೊರತು ಮೈ ತುಂಬಿಸದು.

ಕಲಘಟಗಿಯ ಬಣ್ಣದ ತೊಟ್ಟಿಲು ತಂದು ಸಂಭ್ರಮದಿಂದ ಹೆಸರಿಡುತ್ತೇವೆ. ಕೂಸಿಗೆ ಲಿಂಗಧಾರಣೆ ಮಾಡಿಸುತ್ತೇವೆ. ಅದೇ ದಿನ ಮನೆಯ ಹಿರಿಯರು ತಾಯಿ ಕಾರ್ಡ್ ತೆರೆದು ಕೂಸಿನ ತೂಕವನ್ನೂ ನೋಡಲಿ. ಸೊಸೆಯೊಬ್ಬಳೇ ಅಂಗನವಾಡಿಗೆ ಹೋಗಲಿ ಎನ್ನದೆ ಅತ್ತೆ, ಗಂಡ ಜೊತೆಗೆ ಹೋಗಲಿ. ಲಿಂಗವನ್ನು ಧರಿಸಿದ ಆ ಪುಟ್ಟ ದೇಹವನ್ನು ಜೋಪಾನ ಮಾಡುವುದೂ ಪೂಜೆಯೇ ಎಂದು ನಾವು ನಂಬಿದ್ದೇವೆ.