ಕೆಟ್ಟ ಕೀಲಿ

ಮುಧೋಳದ ಸೀಮೆಯಲ್ಲಿರುವ ರನ್ನ ಬೆಳಗಲಿಯು ಕವಿಯ ಹೆಸರನ್ನು ತನ್ನ ಹೆಸರಿನೊಡನೆ ಹೊತ್ತ ಊರು. ಬಳೆಗಾರರ ಮನೆತನದಲ್ಲಿ ಹುಟ್ಟಿ, 993ರಲ್ಲಿ ‘ಅಜಿತಪುರಾಣ’ವನ್ನು ರಚಿಸಿದ ರನ್ನನ ಹೆಸರಿನಲ್ಲಿ ಇರುವುದು ಎರಡೇ ಅಕ್ಷರ. ಆದರೆ ಕನ್ನಡ ಬೆರಳಚ್ಚು ಯಂತ್ರದಲ್ಲಿ ಆ ಹೆಸರು ಮೂಡಬೇಕಾದರೆ ರಕಾರ, ನಕಾರಗಳ ಜೊತೆಗೆ ನಕಾರದ ಒತ್ತಿನ ಕೀಲಿಯೂ ಸರಿಯಾಗಿರಬೇಕು. ಆ ಒಂದು ಕೀಲಿ ಕೆಟ್ಟರೆ ರನ್ನನು ‘ರನ’ನಾಗುತ್ತಾನೆ, ಅನ್ನವು ‘ಅನ’ವಾಗುತ್ತದೆ, ಕನ್ನಡವೆಂಬ ಮಾತೇ ‘ಕನಡ’ವಾಗಿ ನಿಲ್ಲುತ್ತದೆ. ಉಳಿದ ಕೀಲಿಗಳೆಲ್ಲ ಚೆನ್ನಾಗಿದ್ದರೂ ಯಂತ್ರವು ನಿರುಪಯುಕ್ತವೆನಿಸುತ್ತದೆ.

ಇಂಗ್ಲಿಷಿಗಾಗಿ ಹುಟ್ಟಿದ ಈ ಯಂತ್ರವನ್ನು ಕನ್ನಡಕ್ಕೆ ಒಗ್ಗಿಸುವುದು ಸುಲಭವಾಗಿರಲಿಲ್ಲ. ಸ್ವರ, ವ್ಯಂಜನ, ಕಾಗುಣಿತ, ಒತ್ತುಗಳನ್ನೆಲ್ಲ ಕೆಲವೇ ಕೀಲಿಗಳಲ್ಲಿ ಅಡಕಗೊಳಿಸಬೇಕಾಗಿತ್ತು. ಕೆ. ಅನಂತಸುಬ್ಬರಾಯರು ಕನ್ನಡದ ಕೀಲಿಮಣೆಯನ್ನು ರೂಪಿಸಿ ಈ ಕಾರ್ಯವನ್ನು ಸಾಧಿಸಿದರು. 1963ರಲ್ಲಿ ರಾಜ್ಯದ ರಾಜಭಾಷಾ ಕಾಯಿದೆ ಬಂದ ಮೇಲೆ ಆಡಳಿತದಲ್ಲಿ ಕನ್ನಡದ ಬಳಕೆ ಬೆಳೆಯಿತು. ಕನ್ನಡ ಬೆರಳಚ್ಚು ಯಂತ್ರವು ಕಚೇರಿಗಳ ಆಧಾರವಾಯಿತು.

ಇಂತಹ ಹಳೆಯ ಯಂತ್ರದ ಕೀಲಿಯೊಂದು ಕೆಟ್ಟಾಗ ಜನರು ಸಾಮಾನ್ಯವಾಗಿ ಮಾಡುವ ತಪ್ಪುಗಳು ಎರಡು. ಮೊದಲನೆಯದು, ಕೀಲಿಯನ್ನು ಮತ್ತಷ್ಟು ಬಲವಾಗಿ ಬಡಿಯುವುದು. ಎರಡನೆಯದು, ಸಿಕ್ಕ ಎಣ್ಣೆಯನ್ನು ಯಂತ್ರದೊಳಗೆ ಸುರಿಯುವುದು. ಬಡಿತದಿಂದ ಕಂಬಿ ಬಾಗುತ್ತದೆ. ಎಣ್ಣೆಯು ಧೂಳನ್ನು ಹಿಡಿದು ಅಂಟಾಗುತ್ತದೆ; ಒಂದು ಕೀಲಿಯ ರೋಗವು ಹತ್ತು ಕೀಲಿಗಳಿಗೆ ಹರಡುತ್ತದೆ. ಎರಡು ತಪ್ಪುಗಳ ಮೂಲವೂ ಒಂದೇ: ಕಾರಣವನ್ನು ಅರಿಯುವ ಮೊದಲೇ ಕೈಮಾಡುವ ಆತುರ.

ಬಲ್ಲವನು ಮೊದಲು ನೋಡುತ್ತಾನೆ. ಕೀಲಿಯನ್ನು ಒತ್ತಿದಾಗ ಅದಕ್ಕೆ ಸೇರಿದ ಸನ್ನೆ ಕೆಳಗಿಳಿಯುತ್ತದೆ; ಸನ್ನೆಯು ಕೊಂಡಿಯನ್ನು ಎಳೆಯುತ್ತದೆ; ಕೊಂಡಿಯು ಅಕ್ಷರದ ಅಚ್ಚನ್ನು ಹೊತ್ತ ಕಂಬಿಯನ್ನು ಮೇಲಕ್ಕೆತ್ತುತ್ತದೆ; ಅಚ್ಚು ರಿಬ್ಬನ್ನಿನ ಮೇಲೆ ಬಡಿದು ಕಾಗದದಲ್ಲಿ ಅಕ್ಷರ ಮೂಡುತ್ತದೆ; ಬಳಿಕ ಸ್ಪ್ರಿಂಗು ಎಲ್ಲವನ್ನೂ ಸ್ವಸ್ಥಾನಕ್ಕೆ ಸೆಳೆಯುತ್ತದೆ. ಈ ಸರಪಳಿ ಎಲ್ಲಿ ಕಡಿದಿದೆ ಎಂಬುದನ್ನು ಪಕ್ಕದ ಒಳ್ಳೆಯ ಕೀಲಿಯೊಡನೆ ಹೋಲಿಸಿ ಅವನು ಪರೀಕ್ಷಿಸುತ್ತಾನೆ. ಕೀಲಿ ಇಳಿದರೂ ಕಂಬಿ ಏಳದಿದ್ದರೆ ಕೊಂಡಿ ಕಳಚಿರಬಹುದು. ಎದ್ದ ಕಂಬಿ ನಿಧಾನವಾಗಿ ಮರಳಿದರೆ ಅದು ಆಡುವ ಸೀಳಿನಲ್ಲಿ ಜಿಡ್ಡು ಕಟ್ಟಿರಬಹುದು, ಇಲ್ಲವೇ ಸ್ಪ್ರಿಂಗು ಸಡಿಲಗೊಂಡಿರಬಹುದು. ಪಕ್ಕದ ಕಂಬಿಗೆ ತಾಗುತ್ತಿದ್ದರೆ ಅದು ಬಾಗಿರಬಹುದು. ಒಂದೇ ಅಕ್ಷರ ಮಸುಕಾಗಿ ಮೂಡಿದರೆ ಅಚ್ಚಿನ ಸಂದಿನಲ್ಲಿ ಮಸಿ ತುಂಬಿರಬಹುದು. ಎಲ್ಲ ಅಕ್ಷರಗಳೂ ಮಸುಕಾದರೆ ದೋಷವು ಕೀಲಿಯದಲ್ಲ, ರಿಬ್ಬನ್ನಿನದು.

ಕಾರಣ ತಿಳಿದ ಮೇಲೆ ಚಿಕಿತ್ಸೆ ಸರಳ. ಅನೇಕ ಸಂದರ್ಭಗಳಲ್ಲಿ ಸಣ್ಣ ಬ್ರಷ್ಷು, ತುಸು ಸ್ಪಿರಿಟ್, ಒಣಬಟ್ಟೆ, ಇವುಗಳಿಷ್ಟರಿಂದಲೇ ಜಿಡ್ಡು ಕರಗಿ ಕಂಬಿ ಹಗುರವಾಗಿ ಆಡತೊಡಗುತ್ತದೆ. ಇಲ್ಲಿ ಬೇಕಾದುದು ತೋಳಿನ ಬಲಕ್ಕಿಂತ ಕಣ್ಣಿನ ಎಚ್ಚರ, ಬೆರಳಿನ ತಾಳ್ಮೆ.

ಗಣಕಯಂತ್ರದ ಕಾಲದಲ್ಲಿ ಹಳೆಯ ಯಂತ್ರಕ್ಕೆ ಇಷ್ಟು ಶ್ರಮವೇಕೆ ಎಂದು ಕೆಲವರು ಕೇಳಬಹುದು. ವೇಗದಲ್ಲಿಯೂ ಅನುಕೂಲದಲ್ಲಿಯೂ ಗಣಕವೇ ಮೇಲೆಂಬುದು ನಿಜ. ಕೆಟ್ಟ ವಸ್ತುಗಳೆಲ್ಲವೂ ದುರಸ್ತಿಗೆ ಯೋಗ್ಯವೂ ಅಲ್ಲ. ಆದರೆ 1955ರಲ್ಲಿ ಭಾರತದಲ್ಲಿಯೇ ಬೆರಳಚ್ಚು ಯಂತ್ರವನ್ನು ತಯಾರಿಸಿದ ಗೋದ್ರೆಜ್ ಸಂಸ್ಥೆಯು 2009ರಲ್ಲಿ ಆ ತಯಾರಿಕೆಯನ್ನು ನಿಲ್ಲಿಸಿತು. ಇಂದು ಗುಜರಿಗೆ ಹಾಕಿದ ಒಂದು ಕನ್ನಡ ಯಂತ್ರದ ಸ್ಥಾನದಲ್ಲಿ ಹೊಸದೊಂದು ಬರಲಾರದು. ಪೂರ್ಣವಾಗಿ ಕೆಟ್ಟ ಯಂತ್ರವನ್ನು ಕೂಡ ಬಿಚ್ಚಿಟ್ಟರೆ ಅದರ ಸ್ಪ್ರಿಂಗು, ಕೊಂಡಿಗಳು ಇನ್ನೊಂದು ಯಂತ್ರಕ್ಕೆ ಜೀವ ಕೊಡಬಲ್ಲವು. ಅಲ್ಲದೆ, ಯಂತ್ರದೊಡನೆ ಅದನ್ನು ಸರಿಪಡಿಸುವ ವಿದ್ಯೆಯೂ ಕಣ್ಮರೆಯಾಗುತ್ತದೆ. ಆ ನಷ್ಟವು ಯಂತ್ರದ ನಷ್ಟಕ್ಕಿಂತ ದೊಡ್ಡದು. ಏಕೆಂದರೆ ಕಾರಣವನ್ನು ಹುಡುಕುವ ಆ ಕ್ರಮವು ಸೈಕಲ್ಲಿಗೂ ಹೊಲದ ಪಂಪಿಗೂ ಗಣಕಕ್ಕೂ ಒಂದೇ.

ಉಳಿಸಿಕೊಳ್ಳುವ ಈ ಬುದ್ಧಿ ನಾಡಿಗೆ ಹೊಸದಲ್ಲ. ರನ್ನನಿಗೆ ಆಶ್ರಯವಿತ್ತ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಓಲೆಗಳಲ್ಲಿ ಬರೆಯಿಸಿ ಹಂಚಿ, ಆ ಕಾವ್ಯವನ್ನು ಉಳಿಸಿದಳು. ಇಂದಿಗೂ ರಬಕವಿ-ಬನಹಟ್ಟಿಯ ನೇಕಾರನು ಎಳೆಯೊಂದು ಕಡಿದಾಗ ಮಗ್ಗವನ್ನು ನಿಲ್ಲಿಸಿ, ಕಡಿದ ತುದಿಗಳನ್ನು ಹುಡುಕಿ ಗಂಟು ಹಾಕುತ್ತಾನೆ. ಒಂದು ಎಳೆಗಾಗಿ ಹಾಸನ್ನೇ ಕಿತ್ತೆಸೆಯುವುದಿಲ್ಲ. ಕೆಟ್ಟ ಕೀಲಿಯ ಮುಂದೆ ಕುಳಿತವನಿಗೂ ಅದೇ ವಿವೇಕ ಬೇಕು. ಕೆಟ್ಟುದನ್ನು ಎಸೆಯುವ ಮೊದಲು ಅದು ಏಕೆ ಕೆಟ್ಟಿತೆಂದು ಕೇಳುವ ಅಭ್ಯಾಸವು ವಿದ್ಯಾರ್ಥಿ ದೆಸೆಯಲ್ಲಿಯೇ ಬೆಳೆಯುವುದು ಲೇಸು.