ಕಾಣದ ಬೀಗ, ಮರೆತ ಋಣ

ಅಮೆರಿಕೆಯಲ್ಲಿ ಕುಳಿತು ಮೈಸೂರಿನ ತಾಯಿಯ ಔಷಧಕ್ಕೆ ಗಣಕಯಂತ್ರದ ಮೂಲಕ ಹಣ ಕಳುಹಿಸುತ್ತೇನೆ. ಆ ಆದೇಶವು ಹಾದಿಯಲ್ಲಿ ಅನ್ಯರು ಓದಲಾಗದಂತೆ ಗೂಢಲಿಪಿಯಾಗಿ ಸಾಗುತ್ತದೆ. ಜಗತ್ತಿನ ಅಸಂಖ್ಯ ಜಾಲತಾಣಗಳಲ್ಲಿ ಈ ಕಾರ್ಯವನ್ನು ನೆರವೇರಿಸುವುದು 1998ರಲ್ಲಿ ಆರಂಭವಾದ 'ಓಪನ್‌ಎಸ್‌ಎಸ್‌ಎಲ್' ಎಂಬ ತಂತ್ರಾಂಶ. ಅದರ ಮೂಲಪಾಠ ಎಲ್ಲರಿಗೂ ಮುಕ್ತ, ಬಳಕೆಗೆ ಶುಲ್ಕವಿಲ್ಲ.

ಮುಕ್ತವಾದುದನ್ನು ಯಾರೋ ನೋಡಿಕೊಳ್ಳುತ್ತಾರೆಂಬ ಭ್ರಮೆ 2014ರ ಏಪ್ರಿಲ್‌ನಲ್ಲಿ ಕಳಚಿತು. 'ಹಾರ್ಟ್‌ಬ್ಲೀಡ್' ಎಂಬ ದೋಷ ಎರಡು ವರ್ಷಗಳಿಂದ ಅದರಲ್ಲಿ ಅಡಗಿತ್ತು. ಅದರ ಮೂಲಕ ಜಾಲತಾಣಗಳ ಗಣಕಗಳಲ್ಲಿದ್ದ ಗುಪ್ತಪದಗಳನ್ನೂ ಕದಿಯಬಹುದಿತ್ತು. ಬೃಹತ್ ಸಂಸ್ಥೆಗಳು ನೆಚ್ಚಿದ್ದ ಆ ತಂತ್ರಾಂಶಕ್ಕಾಗಿ ಆಗ ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರೇ. ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರ್. ಸಂಸ್ಥೆಗಳು ಧನಸಹಾಯಕ್ಕೆ ಮುಂದಾದದ್ದು ಅನಂತರವೇ.

ಕೆರೆಯ ನೀರನ್ನು ಊರೆಲ್ಲ ಕುಡಿದು, ಹೂಳೆತ್ತುವ ಕೆಲಸವನ್ನು ಒಬ್ಬನಿಗೆ ಬಿಟ್ಟರೆ ಕೆರೆ ಉಳಿದೀತೆ? ನಾನು ಕಲಾ ಪದವೀಧರೆ, ಗೃಹಿಣಿ, ತಂತ್ರಾಂಶ ಬರೆಯಲಾರೆ. ಆದರೆ ಋಣವೆಂದರೇನೆಂಬುದನ್ನು ಬಲ್ಲೆ. ಸಮ್ಮೇಳನಕ್ಕೆ ಆಗಮಿಸಿರುವ ತಂತ್ರಜ್ಞ ಬಂಧುಗಳು ತಮ್ಮ ಸಮಯವನ್ನೂ ಉದ್ಯಮಿಗಳು ಲಾಭದ ಕಿಂಚಿತ್ ಪಾಲನ್ನೂ ಇಂಥ ಸಾಧನಗಳಿಗೆ ಮೀಸಲಿಡಬೇಕು. ನಮ್ಮ ಮನೆಯ ಗುಟ್ಟನ್ನು ಕಾಯುವವರನ್ನು ಕಾಯುವುದು ನಮ್ಮ ಕರ್ತವ್ಯವಲ್ಲವೇ?